ಡೀಸೆಲ್ ಗಾಡಿಯ ಸೋರಿಕೆ: ಅದರ ಚರಿತ್ರೆ, ಅದರ ಚಿಕಿತ್ಸೆ

ನಮ್ಮ ಊರುಗಳ ಬಸ್ ನಿಲ್ದಾಣದ ನೆಲವನ್ನು ನೀವು ಗಮನಿಸಿರಬೇಕು. ಗಾಡಿಗಳು ದಿನವೂ ನಿಂತು ಹೊರಡುವ ಕಡೆಯಲ್ಲೆಲ್ಲ ಕರಿಯ ಕಲೆಗಳು ಬಿದ್ದಿರುತ್ತವೆ. ಅವುಗಳಲ್ಲಿ ಕೆಲವು ಎಂಜಿನ್ ಎಣ್ಣೆಯವು, ಕೆಲವು ಡೀಸೆಲಿನವು. ಗಾಡಿಯವರನ್ನು ಕೇಳಿದರೆ, “ಹಳೆಯ ಗಾಡಿ ಸ್ವಾಮಿ, ಸೋರದೆ ಇರುತ್ತದೆಯೆ?” ಎಂದುಬಿಡುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಉಳಿದರ್ಧದಲ್ಲಿ ಅಪಾಯವಿದೆ. ಡೀಸೆಲ್ ಯಂತ್ರವನ್ನು ರೂಪಿಸಿದವರು ಸೋರಿಕೆಯನ್ನು ಪೂರ್ತಿಯಾಗಿ ನಿಲ್ಲಿಸಲಿಲ್ಲವೆಂಬುದು ನಿಜ. ಆದರೆ ಅವರು ಅದಕ್ಕೊಂದು ದಾರಿಯನ್ನು ಮಾಡಿಕೊಟ್ಟರು. ಆ ದಾರಿಯಲ್ಲಿ ಹರಿದು ಹಿಂದಿರುಗುವ ಹನಿ ಯಂತ್ರಕ್ಕೆ ಬೇಕಾದುದು. ದಾರಿ ತಪ್ಪಿ ಹೊರಬಂದ ಹನಿ ಮಾತ್ರ ರೋಗದ ಗುರುತು. ಇವೆರಡರ ಭೇದವನ್ನು ತಿಳಿದುಕೊಂಡವನಿಗೆ ಹಳೆಯ ಗಾಡಿಯ ಸೋರಿಕೆಯನ್ನು ಹುಡುಕುವುದು ಕಷ್ಟವಲ್ಲ.

ಒಂದು ಹನಿಯಿಂದ ಏನು ಮಹಾ ನಷ್ಟ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಕ್ಷಣಕ್ಕೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿಗಳಾದವು. ಒಂದು ಮಿಲಿಲೀಟರಿಗೆ 40 ಹನಿಯೆಂದು ಹಿಡಿದರೂ ದಿನಕ್ಕೆ ಎರಡು ಲೀಟರಿಗೂ ಮಿಗಿಲು, ತಿಂಗಳಿಗೆ 60 ಲೀಟರಿಗೂ ಮಿಗಿಲು! ಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿ ತಿರುಗುಮುರುಗಾಗಿ ನಡೆಯುತ್ತದೆ. ಹಣದ ಮಾತು ಹಾಗಿರಲಿ. ರಸ್ತೆಯ ತಿರುವಿನಲ್ಲಿ ಬಿದ್ದ ಡೀಸೆಲು ಹಿಂದೆ ಬರುವ ಸ್ಕೂಟರಿನವನನ್ನು ಜಾರಿಸಿ ಕೆಡವಬಲ್ಲುದು. ಬಿಸಿಯಾದ ಹೊಗೆಕೊಳವೆಯ ಮೇಲೆ ಮಂಜಿನಂತೆ ಸಿಡಿದ ಡೀಸೆಲು ಬೆಂಕಿಗೆ ಕಾರಣವಾಗಬಲ್ಲುದು. ಆದುದರಿಂದ ಇದು ಬರಿಯ ಕಾರ್ಖಾನೆಯವರ ವಿಷಯವಲ್ಲ. ಮನೆಯಲ್ಲಿ ಒಂದು ಹಳೆಯ ಜೀಪನ್ನೋ ತೋಟದಲ್ಲಿ ಒಂದು ಟ್ರ್ಯಾಕ್ಟರನ್ನೋ ಇಟ್ಟುಕೊಂಡಿರುವ ಪ್ರತಿಯೊಬ್ಬರ ವಿಷಯ.

ಮೊದಲು ಚರಿತ್ರೆಯನ್ನು ನೋಡೋಣ. ಪೆಟ್ರೋಲ್ ಎಂಜಿನಿನಲ್ಲಿ ಗಾಳಿಯೂ ಇಂಧನವೂ ಮೊದಲೇ ಬೆರೆತು ಸಿಲಿಂಡರಿನ ಒಳಗೆ ಹೋಗುತ್ತವೆ; ವಿದ್ಯುತ್ತಿನ ಕಿಡಿ ಅದನ್ನು ಹೊತ್ತಿಸುತ್ತದೆ. ಡೀಸೆಲ್ ಎಂಜಿನಿನ ಕ್ರಮ ಬೇರೆ. ಅಲ್ಲಿ ಗಾಳಿಯನ್ನಷ್ಟೇ ಬಲವಾಗಿ ಒತ್ತುತ್ತಾರೆ. ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ ಪಂಪಿನ ತುದಿಯನ್ನು ಮುಟ್ಟಿ ನೋಡಿದವರಿಗೆ ಇದು ಗೊತ್ತು. ಹಾಗೆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ತುಂತುರಾಗಿ ಸಿಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಸಿಲಿಂಡರಿನೊಳಗಿನ ಒತ್ತಡವನ್ನು ಮೀರಿಸಿ, ತಕ್ಕ ಗಳಿಗೆಯಲ್ಲಿ, ತಕ್ಕಷ್ಟೇ ಎಣ್ಣೆಯನ್ನು, ಎಲ್ಲಿಯೂ ಸೋರದಂತೆ ಒಳಗೆ ನುಗ್ಗಿಸುವುದು ಹೇಗೆ? ಯಂತ್ರದ ಕಷ್ಟವೆಲ್ಲ ಈ ಒಂದು ಪ್ರಶ್ನೆಯಲ್ಲಿತ್ತು.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್ಸಿನಲ್ಲಿ, ತಂದೆತಾಯಿಗಳು ಜರ್ಮನರು. 1892ರಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದನು. ಮರುವರ್ಷ ಜರ್ಮನಿಯ ಆಗ್ಸ್‌ಬರ್ಗ್ ನಗರದ ಯಂತ್ರಶಾಲೆಯಲ್ಲಿ ಮೊದಲ ಎಂಜಿನು ಸಿದ್ಧವಾಯಿತು. 1893ರ ಆಗಸ್ಟ್ 10ರಂದು ಅದನ್ನು ಹೊರಗಿನ ಪಟ್ಟಿಯಿಂದ ತಿರುಗಿಸಿ ಒಳಕ್ಕೆ ಇಂಧನವನ್ನು ಬಿಟ್ಟಾಗ ಒತ್ತಡವು ವಾಯುಮಂಡಲದ ಒತ್ತಡದ 80 ಪಟ್ಟಿನ ಸಮೀಪಕ್ಕೆ ಏರಿ, ಅದನ್ನು ಅಳೆಯುವ ಉಪಕರಣವೇ ಸಿಡಿದು ಚೂರಾಯಿತು. ಎಂಜಿನು ತನ್ನ ಬಲದಿಂದ ಓಡಲಿಲ್ಲ. ಆದರೆ ಕಿಡಿಯಿಲ್ಲದೆ ಇಂಧನ ಹೊತ್ತುತ್ತದೆ ಎಂಬುದು ನಿಶ್ಚಯವಾಯಿತು. 1894ರ ಫೆಬ್ರವರಿ 17ರಂದು ಅದು ಸುಮಾರು ಒಂದು ನಿಮಿಷ ತಾನಾಗಿ ಓಡಿತು. ಅಲ್ಲಿಂದ ಸರಿಯಾಗಿ ಮೂರು ವರ್ಷಕ್ಕೆ, 1897ರಲ್ಲಿ, ಮಾರಿಟ್ಸ್ ಶ್ರೋಟರ್ ಎಂಬ ಪ್ರಾಧ್ಯಾಪಕರು ಹೊಸ ಎಂಜಿನನ್ನು ಪರೀಕ್ಷಿಸಿ, ಇಂಧನದ ಶಕ್ತಿಯಲ್ಲಿ ನೂರಕ್ಕೆ 26ರಷ್ಟು ಕೆಲಸಕ್ಕೆ ಒದಗುತ್ತದೆಂದು ಪ್ರಕಟಿಸಿದರು. ಆ ಕಾಲದ ಹಬೆಯ ಯಂತ್ರಗಳಿಗೆ ಇದು ನಿಲುಕದ ಮಾತಾಗಿತ್ತು.

ಆದರೆ ಎಣ್ಣೆಯನ್ನು ಒಳಗೆ ನುಗ್ಗಿಸುವ ಪ್ರಶ್ನೆಗೆ ಡೀಸೆಲ್ ಕಂಡುಕೊಂಡ ಉತ್ತರವು ಬಳಸುದಾರಿಯಾಗಿತ್ತು. ಎಣ್ಣೆಯನ್ನು ನೇರವಾಗಿ ಪಂಪಿನಿಂದ ಚಿಮ್ಮಿಸುವ ಯತ್ನ ಅವನ ಕೈಗೆ ಹತ್ತಲಿಲ್ಲ. ಆದುದರಿಂದ ಬೇರೊಂದು ಯಂತ್ರದಲ್ಲಿ ಗಾಳಿಯನ್ನು ಇನ್ನೂ ಹೆಚ್ಚಾಗಿ ಒತ್ತಿ, ಆ ಗಾಳಿಯ ರಭಸದಿಂದ ಎಣ್ಣೆಯನ್ನು ಊದಿ ಒಳಕ್ಕೆ ಕಳುಹಿಸುವ ಏರ್ಪಾಟನ್ನು ಮಾಡಿದನು. ಕೆಲಸವೇನೋ ಚೆನ್ನಾಗಿ ನಡೆಯಿತು. ಆದರೆ ಆ ಗಾಳಿಯಂತ್ರ ಭಾರವಾದುದು, ನಾಜೂಕಾದುದು. ಎಂಜಿನಿನ ಬಲದಲ್ಲಿ ಒಂದು ಪಾಲನ್ನು ತಾನೇ ನುಂಗುವಂಥದು. ಕಾರ್ಖಾನೆಯಲ್ಲಿಯೂ ಹಡಗಿನಲ್ಲಿಯೂ ಅದಕ್ಕೆ ಜಾಗವಿತ್ತು. ರಸ್ತೆಯ ಗಾಡಿಯಲ್ಲಿ ಇರಲಿಲ್ಲ. 1913ರ ಸೆಪ್ಟೆಂಬರ್ 29ರ ರಾತ್ರಿ ಡೀಸೆಲ್ ಇಂಗ್ಲೆಂಡಿಗೆ ಹೋಗುತ್ತಿದ್ದ ಹಡಗಿನಿಂದ ಕಾಣೆಯಾದನು. ಅವನ ಹೆಸರಿನ ಎಂಜಿನಿನಿಂದ ರಸ್ತೆಯ ಮೇಲೆ ಲಾರಿ ಓಡುವುದನ್ನು ನೋಡುವ ಭಾಗ್ಯ ಅವನಿಗೆ ದೊರೆಯಲಿಲ್ಲ.

ನೇರವಾಗಿ ಎಣ್ಣೆಯನ್ನು ಚಿಮ್ಮಿಸುವ ದಾರಿಯನ್ನು ಬೇರೆಯವರು ಹುಡುಕಿದರು. ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ 1890ರಲ್ಲಿಯೇ ಪಂಪಿನಿಂದ ಎಣ್ಣೆಯನ್ನು ಚಿಮ್ಮಿಸುವ ಎಂಜಿನಿಗೆ ಪೇಟೆಂಟ್ ಪಡೆದಿದ್ದನು. ಆದರೆ ಅದರಲ್ಲಿ ಗಾಳಿಯ ಒತ್ತಡ ಕಡಮೆ, ಹೊತ್ತಿಸಲು ಕಾದ ಗೋಳವೊಂದು ಬೇಕಿತ್ತು. 1909ರಲ್ಲಿ ಬೆಂಜ್ ಕಂಪೆನಿಯ ಪ್ರಾಸ್ಪರ್ ಲೊರಾಂಜ್ ಸಿಲಿಂಡರಿನ ಪಕ್ಕದಲ್ಲಿ ಒಂದು ಚಿಕ್ಕ ಕೋಣೆಯನ್ನಿಟ್ಟು, ಎಣ್ಣೆಯನ್ನು ಮೊದಲು ಅಲ್ಲಿ ಹೊತ್ತಿಸುವ ಉಪಾಯವನ್ನು ಕಂಡುಹಿಡಿದನು. ಇದರಿಂದ ಎಣ್ಣೆಯನ್ನು ಅಷ್ಟೊಂದು ಒತ್ತಡದಿಂದ ಚಿಮ್ಮಿಸುವ ಅಗತ್ಯ ತಪ್ಪಿತು. ಮರುವರ್ಷ ಇಂಗ್ಲೆಂಡಿನ ವಿಕರ್ಸ್ ಕಾರ್ಖಾನೆಯ ಜೇಮ್ಸ್ ಮೆಕೆಕ್ನಿ ಗಾಳಿಯ ನೆರವಿಲ್ಲದೆ ಹೆಚ್ಚಿನ ಒತ್ತಡದಲ್ಲಿ ಎಣ್ಣೆಯನ್ನು ಚಿಮ್ಮಿಸುವ ಕ್ರಮಕ್ಕೆ ಪೇಟೆಂಟ್ ಪಡೆದನು. 1923ರಲ್ಲಿ ಬೆಂಜ್ ಕಂಪೆನಿಯವರು ಡೀಸೆಲ್ ಲಾರಿಯನ್ನು ಓಡಿಸಿ ಪರೀಕ್ಷಿಸಿದರು. 1924ರಲ್ಲಿ ಆಗ್ಸ್‌ಬರ್ಗಿನ ಮಾನ್ ಕಂಪೆನಿಯೂ ತನ್ನ ಲಾರಿಯನ್ನು ಪ್ರದರ್ಶಿಸಿತು.

ಎಂಜಿನು ಆಯಿತು, ನಂಬತಕ್ಕ ಪಂಪು ಮಾತ್ರ ಪೇಟೆಯಲ್ಲಿ ಇರಲಿಲ್ಲ. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ 1922ರಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡನು. 1927ರಲ್ಲಿ ಅವನ ಕಾರ್ಖಾನೆಯಿಂದ ಡೀಸೆಲ್ ಪಂಪುಗಳು ಸಾಲುಸಾಲಾಗಿ ಹೊರಬಂದವು. ಆ ಪಂಪಿನ ಮರ್ಮವನ್ನು ನೀವು ತಿಳಿಯಬೇಕು. ನಮ್ಮ ವಿಷಯದ ತಿರುಳು ಅಲ್ಲಿಯೇ ಇದೆ.

ನೀರೆತ್ತುವ ಪಂಪಿನಲ್ಲಿ ಕೊಂತಕ್ಕೆ ತೊಗಲನ್ನೋ ರಬ್ಬರನ್ನೋ ಸುತ್ತಿ ಸೋರದಂತೆ ಮಾಡುತ್ತಾರೆ. ಡೀಸೆಲ್ ಪಂಪಿನ ಒತ್ತಡದ ಮುಂದೆ ಅಂಥ ಯಾವ ಸುತ್ತೂ ನಿಲ್ಲುವುದಿಲ್ಲ. ಆದುದರಿಂದ ಉಕ್ಕಿನ ಕೊಂತವನ್ನು ಉಕ್ಕಿನ ಕೊಳವೆಯೊಳಗೆ ಅರೆದು ಅರೆದು, ನಡುವೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟೇ ಸಂದು ಉಳಿಯುವಂತೆ ಜೋಡಿಸಿದರು. ನಮ್ಮ ತಲೆಗೂದಲು ಇದರ ಇಪ್ಪತ್ತು ಪಟ್ಟಿಗೂ ಹೆಚ್ಚು ದಪ್ಪ. ಹೀಗೆ ಜೊತೆಗೂಡಿದ ಕೊಂತವೂ ಕೊಳವೆಯೂ ಗಂಡಹೆಂಡಿರಿದ್ದಂತೆ. ಒಂದನ್ನು ಬಿಟ್ಟು ಇನ್ನೊಂದನ್ನು ಬೇರೆ ಪಂಪಿಗೆ ಹಾಕುವ ಹಾಗಿಲ್ಲ. ಅಷ್ಟು ಕಿರಿದಾದ ಸಂದಿನಲ್ಲಿಯೂ ಎಣ್ಣೆ ನುಸುಳುತ್ತದೆ. ನುಸುಳಬೇಕು ಕೂಡ! ಏಕೆಂದರೆ ಪಂಪಿನ ಆ ಕೊಂತಕ್ಕೂ, ಸಿಲಿಂಡರಿನ ಮೇಲೆ ಎಣ್ಣೆಯನ್ನು ಸಿಡಿಸುವ ನಾಜಲಿನ ಸೂಜಿಗೂ ಜಾರುವಿಕೆಯನ್ನು ಕೊಡುವುದು ಆ ಎಣ್ಣೆಯೇ. ನಾಜಲಿನಲ್ಲಿ ಹೀಗೆ ನುಸುಳಿದುದನ್ನು ಸಣ್ಣ ಕೊಳವೆಯೊಂದು ಸಂಗ್ರಹಿಸಿ ಟ್ಯಾಂಕಿಗೋ ಫಿಲ್ಟರಿಗೋ ಹಿಂದಿರುಗಿಸುತ್ತದೆ. ಡೀಸೆಲ್ ಎಂಜಿನಿನ ತಲೆಯ ಮೇಲೆ ಒಂದು ನಾಜಲಿನಿಂದ ಇನ್ನೊಂದಕ್ಕೆ ಹಾದುಹೋಗುವ ತೆಳುವಾದ ಕೊಳವೆಯನ್ನು ನೋಡಿದ್ದೀರಷ್ಟೆ? ಅದೇ ಸೋರಿಕೆಗೆ ಮಾಡಿಕೊಟ್ಟ ರಾಜಮಾರ್ಗ.

ಈ ಪಂಪು ಬಂದ ಮೇಲೆ ಡೀಸೆಲ್ ಗಾಡಿಯ ಭಾಗ್ಯ ತೆರೆಯಿತು. 1936ರಲ್ಲಿ ಮರ್ಸಿಡಿಸ್ ಬೆಂಜ್ ಕಂಪೆನಿ ಬರ್ಲಿನ್ನಿನ ಪ್ರದರ್ಶನದಲ್ಲಿ ಡೀಸೆಲ್ ಕಾರನ್ನೇ ತಂದು ನಿಲ್ಲಿಸಿತು. ಸ್ವಾತಂತ್ರ್ಯ ಬಂದ ಮೇಲೆ ಈ ವಿದ್ಯೆ ನಮ್ಮ ದೇಶದಲ್ಲಿಯೂ ಬೇರೂರಿತು. 1954ರಲ್ಲಿ ಟಾಟಾ ಸಂಸ್ಥೆಯವರು ಜರ್ಮನಿಯ ಇದೇ ಕಂಪೆನಿಯ ಸಹಯೋಗದಿಂದ ಜಮ್‌ಶೆಡ್‌ಪುರದಲ್ಲಿ ಲಾರಿಗಳನ್ನು ಕಟ್ಟತೊಡಗಿದರು. ಆ ಸಹಯೋಗ 1969ರವರೆಗೆ ನಡೆಯಿತು. ಪಂಪಿನ ವಿದ್ಯೆ ನಮ್ಮ ಬೆಂಗಳೂರಿಗೇ ಬಂದಿತು. ಬಾಷ್ ಕಂಪೆನಿಯ ಸಹಯೋಗದಿಂದ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪು, ನಾಜಲುಗಳನ್ನೂ ತಯಾರಿಸಿತು. ಜನ ಅದನ್ನು ಕರೆದುದು ಮೈಕೋ ಎಂದೇ. ಕಂಪೆನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದಾಯಿತು; ಬೆಂಗಳೂರಿನ ಬಡಾವಣೆಯ ಹೆಸರಿನಲ್ಲಿ ಮಾತ್ರ ಮೈಕೋ ಉಳಿದುಕೊಂಡಿತು. ಸಾವಿರದಲ್ಲಿ ಎರಡು ಮೂರು ಪಾಲಿನ ಸಂದನ್ನು ಹಿಡಿದಿಡುವ ಕೈಚಳಕ ಹೀಗೆ ನಮ್ಮ ಜನರ ಕೈಗೂ ಬಂದಿತು.

ಇನ್ನು ಚಿಕಿತ್ಸೆಯ ಮಾತು. ವೈದ್ಯನು ನಾಡಿ ಹಿಡಿಯುವ ಮೊದಲು ದೇಹದ ನಾಳಗಳನ್ನು ಅರಿತಿರಬೇಕಲ್ಲವೆ? ಹಾಗೆಯೇ ಡೀಸೆಲಿನ ಪ್ರಯಾಣವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಟ್ಯಾಂಕಿನಿಂದ ಅದನ್ನು ಒಂದು ಸಣ್ಣ ಪಂಪು ಹೀರಿ ತರುತ್ತದೆ. ಇದನ್ನು ಫೀಡ್ ಪಂಪು ಎನ್ನುತ್ತಾರೆ. ಅಲ್ಲಿಂದ ಫಿಲ್ಟರು, ಫಿಲ್ಟರಿನಿಂದ ದೊಡ್ಡ ಪಂಪು. ದೊಡ್ಡ ಪಂಪಿನಿಂದ ಉಕ್ಕಿನ ದಪ್ಪ ಕೊಳವೆಗಳಲ್ಲಿ ನಾಜಲು. ಮಿಕ್ಕದ್ದು ಹಿಂದಿರುಗುವ ಕೊಳವೆಯಲ್ಲಿ ಮತ್ತೆ ಟ್ಯಾಂಕು. ಆದುದರಿಂದ ದಾರಿಯಲ್ಲಿ ನಾಲ್ಕು ಹಂತಗಳು: ಹೀರುವ ಹಂತ, ಸಣ್ಣ ಒತ್ತಡದ ಹಂತ, ದೊಡ್ಡ ಒತ್ತಡದ ಹಂತ, ಹಿಂದಿರುಗುವ ಹಂತ. ಒಂದೊಂದು ಹಂತದ ಸೋರಿಕೆಗೂ ಒಂದೊಂದು ಲಕ್ಷಣವಿದೆ.

ಹೀರುವ ಹಂತದ ಸೋರಿಕೆ ವಿಚಿತ್ರವಾದುದು. ಎಂಜಿನು ಓಡುವಾಗ ಅಲ್ಲಿ ಎಣ್ಣೆ ಹೊರಗೆ ಬರುವುದಿಲ್ಲ. ಗಾಳಿ ಒಳಗೆ ಹೋಗುತ್ತದೆ! ನೆಲದ ಮೇಲೆ ಒಂದು ಹನಿಯೂ ಇಲ್ಲ. ಆದರೆ ಬೆಳಗ್ಗೆ ಗಾಡಿ ಸುಲಭವಾಗಿ ಹೊರಡುವುದಿಲ್ಲ. ಹೊರಟರೂ ಸ್ವಲ್ಪ ಹೊತ್ತಿಗೆ ಉಸಿರುಕಟ್ಟಿದಂತೆ ನಿಲ್ಲುತ್ತದೆ. ಕೈಪಂಪನ್ನು ನಾಲ್ಕು ಸಲ ಒತ್ತಿದರೆ ಮತ್ತೆ ಓಡುತ್ತದೆ. ಮೂತಿ ಮೇಲಾಗಿ ದಿಬ್ಬದಲ್ಲಿ ನಿಲ್ಲಿಸಿದ ದಿನ ತೊಂದರೆ ಹೆಚ್ಚು, ಏಕೆಂದರೆ ಕೊಳವೆಯೊಳಗಿನ ಎಣ್ಣೆ ಗಾಳಿಗೆ ಎಡೆಕೊಟ್ಟು ಟ್ಯಾಂಕಿಗೆ ಜಾರಿಹೋಗುತ್ತದೆ. ಇದನ್ನು ಕಂಡುಹಿಡಿಯಲು ಫೀಡ್ ಪಂಪಿನ ಮುಂದೆ, ಡೀಸೆಲಿಗೆ ಕರಗದ ಪಾರದರ್ಶಕ ಕೊಳವೆಯ ತುಂಡೊಂದನ್ನು ತಾತ್ಕಾಲಿಕವಾಗಿ ಜೋಡಿಸಿ ನೋಡಿ. ಗುಳ್ಳೆಗಳು ಸಾಲಾಗಿ ಬಂದರೆ ರೋಗ ಗೊತ್ತಾಯಿತು. ಬೇರೊಂದು ಶುದ್ಧವಾದ ಡಬ್ಬದಿಂದ ಫೀಡ್ ಪಂಪಿಗೆ ನೇರವಾಗಿ ಡೀಸೆಲನ್ನು ಕೊಟ್ಟು ನೋಡುವುದೂ ಒಳ್ಳೆಯ ಪರೀಕ್ಷೆ. ಆಗ ಎಂಜಿನು ಸರಾಗವಾಗಿ ಓಡಿದರೆ ದೋಷವಿರುವುದು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆಯೇ. ಹಳೆಯ ರಬ್ಬರ್ ಕೊಳವೆಯ ಬಿರುಕು, ಸಡಿಲವಾದ ಪಟ್ಟಿ, ಚಾಸಿಗೆ ತಿಕ್ಕಿ ಸವೆದ ಲೋಹದ ಕೊಳವೆ, ಇವು ಅಲ್ಲಿಯ ಸಾಮಾನ್ಯ ಅಪರಾಧಿಗಳು.

ಎರಡನೆಯದು ಸಣ್ಣ ಒತ್ತಡದ ಹಂತ. ಇಲ್ಲಿ ಒತ್ತಡವು ವಾಯುಮಂಡಲದ ಒತ್ತಡದ ಒಂದೆರಡು ಪಟ್ಟು ಮಾತ್ರ. ಆದುದರಿಂದ ಎಣ್ಣೆ ಸಾವಕಾಶವಾಗಿ ಒಸರುತ್ತದೆ. ಫಿಲ್ಟರಿನ ರಬ್ಬರ್ ಸುತ್ತು, ಕೈಪಂಪಿನ ಕೊಂತ, ಕೊಳವೆಯ ಕೂಡುಗಳಲ್ಲಿರುವ ತಾಮ್ರದ ಬಿಲ್ಲೆ, ಇವನ್ನು ಪರೀಕ್ಷಿಸಬೇಕು. ಇಲ್ಲಿಯೂ ಒಂದು ಗುಪ್ತವಾದ ಸೋರಿಕೆಯುಂಟು. ಕೆಲವು ಎಂಜಿನುಗಳ ಫೀಡ್ ಪಂಪಿನಲ್ಲಿ ರಬ್ಬರಿನ ತೆಳುಪರದೆಯಿರುತ್ತದೆ. ಅದು ಹರಿದರೆ ಡೀಸೆಲು ಹೊರಗೆ ಬರದೆ ಎಂಜಿನಿನ ಎಣ್ಣೆಯೊಳಗೆ ಸೇರಿಕೊಳ್ಳಬಹುದು. ಎಣ್ಣೆಯ ಮಟ್ಟವನ್ನು ನೋಡುವ ಕಡ್ಡಿಯನ್ನು ತೆಗೆದಾಗ ಮಟ್ಟ ಇಳಿಯುವ ಬದಲು ಏರಿದ್ದರೆ, ಎಣ್ಣೆ ನೀರಾಗಿ ಡೀಸೆಲಿನ ವಾಸನೆ ಬರುತ್ತಿದ್ದರೆ, ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ. ತೆಳುವಾದ ಎಣ್ಣೆ ಬೇರಿಂಗುಗಳನ್ನು ಕಾಯಲಾರದು. ಹತ್ತಿಪ್ಪತ್ತು ಮೈಲಿಯ ಅವಸರಕ್ಕೆ ಎಂಜಿನನ್ನೇ ತೆರಬೇಕಾದೀತು.

ಮೂರನೆಯದು ದೊಡ್ಡ ಒತ್ತಡದ ಹಂತ. ಲೊರಾಂಜನ ಚಿಕ್ಕ ಕೋಣೆಯಿರುವ ಹಳೆಯ ಎಂಜಿನುಗಳಲ್ಲಿ ನಾಜಲು ತೆರೆಯುವುದು ವಾಯುಮಂಡಲದ ಒತ್ತಡದ ಸುಮಾರು ನೂರು ಪಟ್ಟಿಗೂ ಮೇಲೆ. ನೇರವಾಗಿ ಚಿಮ್ಮಿಸುವ ಎಂಜಿನುಗಳಲ್ಲಿ ಇನ್ನೂ ಹೆಚ್ಚು. ಇಲ್ಲಿ ಎಣ್ಣೆ ಹನಿಯಾಗಿ ಬೀಳುವುದಕ್ಕಿಂತ ಕಣ್ಣಿಗೆ ಕಾಣದ ತುಂತುರಾಗಿ ಸಿಡಿಯುವುದೇ ಹೆಚ್ಚು. ಕೊಳವೆಗಳನ್ನು ಒಟ್ಟಿಗೆ ಹಿಡಿದಿಡುವ ಪಟ್ಟಿಗಳನ್ನು ಯಾರೋ ಬಿಚ್ಚಿ ಮತ್ತೆ ಹಾಕದೆ ಬಿಟ್ಟಿದ್ದರೆ ಕೊಳವೆಗಳು ನಡುಗಿ ನಡುಗಿ ಬಿರಿಯುತ್ತವೆ. ಈ ಪಟ್ಟಿ ಅಲಂಕಾರಕ್ಕಿರುವುದಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕು. ಎಂಜಿನು ಓಡುತ್ತಿರುವಾಗ ಈ ಕೊಳವೆಗಳ ಸೋರಿಕೆಯನ್ನು ಬೆರಳಿನಿಂದ ತಡಕಬೇಡಿ. ಕೂದಲಿಗಿಂತ ತೆಳುವಾದ ಧಾರೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿಮೊನೆಯ ಗಾಯ. ಒಳಗೆ ಕೈಯ ನರಮಾಂಸಗಳೆಲ್ಲ ಕೆಡುತ್ತಿರುತ್ತವೆ. ಡೀಸೆಲ್ ಎಂಜಿನಿನಿಂದ ಆದ ಇಂಥ ಗಾಯವೊಂದನ್ನು 1937ರಷ್ಟು ಹಿಂದೆಯೇ ಅಮೆರಿಕದ ವೈದ್ಯಪತ್ರಿಕೆಯಲ್ಲಿ ರೀಸ್ ಎಂಬ ವೈದ್ಯನು ವಿವರಿಸಿದ್ದನು. ಹೀಗಾದರೆ ನೋವಿಲ್ಲವೆಂದು ಮನೆಯಲ್ಲಿ ಕೂರದೆ ಆ ಕೂಡಲೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು. ಡೀಸೆಲು ಹೊಕ್ಕಿತೆಂದು ಬಾಯಿಬಿಟ್ಟು ಹೇಳಬೇಕು. ಹುಡುಕುವುದಕ್ಕೆ ಬೆರಳು ಬೇಡ. ಉದ್ದವಾದ ಕೋಲಿಗೆ ಕಟ್ಟಿದ ರಟ್ಟಿನ ತುಂಡು ಸಾಕು. ಅದರ ಮೇಲೆ ಒದ್ದೆ ಬಿದ್ದ ಕಡೆ ಕೊಳವೆ ಸಿಡಿಯುತ್ತಿದೆ ಎಂದರ್ಥ.

ನಾಲ್ಕನೆಯದು ಹಿಂದಿರುಗುವ ಹಂತ. ಇಲ್ಲಿ ಒತ್ತಡವೇ ಇಲ್ಲವೆನ್ನಬಹುದು. ಹಲವು ಗಾಡಿಗಳಲ್ಲಿ ಇದು ಬಟ್ಟೆ ಹೊದಿಸಿದ ಸಣ್ಣ ರಬ್ಬರ್ ಕೊಳವೆ. ಎಂಜಿನಿನ ಕಾವಿನಲ್ಲಿ ಬೆಂದು ಅದು ಗಡುಸಾಗಿ ಒಡೆಯುತ್ತದೆ. ನಾಜಲುಗಳ ಬುಡದಲ್ಲಿ ಎಣ್ಣೆ ನಿಂತಿರುವುದನ್ನು ಕಂಡು ಜನ ನಾಜಲೇ ಕೆಟ್ಟಿತೆಂದು ಹೆದರುತ್ತಾರೆ. ಎಷ್ಟೋ ವೇಳೆ ಕೆಟ್ಟಿರುವುದು ಈ ಅಗ್ಗದ ಕೊಳವೆ ಮಾತ್ರ. ದುಬಾರಿಯ ಭಾಗಕ್ಕೆ ಕೈ ಹಾಕುವ ಮೊದಲು ಅಗ್ಗದ ಭಾಗವನ್ನು ಪರೀಕ್ಷಿಸುವುದು ಜಾಣತನ.

ಇಷ್ಟು ತಿಳಿದ ಮೇಲೆ ಹುಡುಕುವ ಕ್ರಮ ಸರಳ. ಎಂಜಿನು ಆರಿದ ಮೇಲೆ ಹತ್ತಿರ ಬೆಂಕಿ, ಬೀಡಿ, ಸಿಗರೇಟು ಇಲ್ಲದಂತೆ ನೋಡಿಕೊಂಡು, ಒದ್ದೆಯಾದ ಭಾಗವನ್ನೆಲ್ಲ ತೊಳೆದು ಒರಸಿ ಒಣಗಿಸಿ. ಅದರ ಮೇಲೆ ಸ್ವಲ್ಪ ಟಾಲ್ಕಂ ಪೌಡರನ್ನೋ ಸೀಮೆಸುಣ್ಣದ ಪುಡಿಯನ್ನೋ ಉದುರಿಸಿ. ಬಳಿಕ ಎಂಜಿನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಿ ನೋಡಿ. ಬಿಳಿಯ ಪುಡಿ ಮೊದಲು ಎಲ್ಲಿ ಕಪ್ಪಾಯಿತೋ ಅಲ್ಲಿದೆ ಮೂಲ. ಎಣ್ಣೆ ಕೆಳಕ್ಕೆ ಇಳಿಯುತ್ತದೆ. ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ಹನಿ ಬೀಳುವ ಜಾಗವನ್ನು ನಂಬಬೇಡಿ. ಒದ್ದೆಯ ತೀರ ಮೇಲಿನ, ತೀರ ಮುಂದಿನ ಬಿಂದುವನ್ನು ಹುಡುಕಿ.

ಮೂಲ ಸಿಕ್ಕಿತು. ಇನ್ನು ದುರಸ್ತಿ. ಕೂಡು ಸೋರಿದರೆ ಎಲ್ಲರೂ ಮಾಡುವ ಮೊದಲ ಕೆಲಸ ಪಾನವನ್ನು ಹಾಕಿ ಬಿಗಿಯುವುದು. ಸ್ವಲ್ಪ ಬಿಗಿದು ನಿಲ್ಲದಿದ್ದರೆ ಮತ್ತೆ ಬಿಗಿಯಬೇಡಿ, ಬಿಚ್ಚಿ ನೋಡಿ. ದೊಡ್ಡ ಒತ್ತಡದ ಕೊಳವೆಯಲ್ಲಿ ಸೋರಿಕೆಯನ್ನು ತಡೆಯುವುದು ತಿರುಪಲ್ಲ, ಕೊಳವೆಯ ತುದಿಯ ಶಂಕುವಿನಾಕಾರದ ಮುಖ. ಅದರ ಮೇಲೆ ಮರಳಿನ ಕಣವೊಂದಿದ್ದರೂ ಸಾಕು. ತಿರುಪಿಗೆ ಬಿಳಿಯ ಟೇಪನ್ನು ಸುತ್ತುವುದರಿಂದ ಪ್ರಯೋಜನವಿಲ್ಲ. ಅದರ ಎಳೆಗಳು ಪಂಪಿನೊಳಗೆ ಹೋದರೆ ಆ ಸಾವಿರದ ಪಾಲಿನ ಸಂದಿಗೆ ವಿಷವಿಟ್ಟಂತೆ. ಬಿಚ್ಚುವಾಗಲೂ ಬಿಗಿಯುವಾಗಲೂ ಎರಡು ಪಾನಗಳನ್ನು ಬಳಸಿ. ಒಂದು ತಿರುಗಿಸುವುದಕ್ಕೆ, ಇನ್ನೊಂದು ಕೆಳಗಿನ ಭಾಗವನ್ನು ಹಿಡಿದಿಡುವುದಕ್ಕೆ. ತಾಮ್ರದ ಬಿಲ್ಲೆಯನ್ನು ಹೊಸದಾಗಿ ಹಾಕುವುದು ಉತ್ತಮ. ಒತ್ತಿದ ತಾಮ್ರ ಗಡುಸಾಗುತ್ತದೆ. ಹೊಸದು ಸಿಗದಿದ್ದರೆ ಹಳೆಯದನ್ನು ಗಾಡಿಯಿಂದ ದೂರ ಒಯ್ದು ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ. ಬಿರಿದ ಉಕ್ಕಿನ ಕೊಳವೆಗೆ ಬೆಸುಗೆ ಹಾಕಿಸಬೇಡಿ. ಅದೇ ಅಳತೆಯ ಹೊಸದನ್ನು ಹಾಕಿಸಿ. ಟ್ಯಾಂಕಿನ ಸಣ್ಣ ಬಿರುಕಿಗೆ ಸಾಬೂನು ತಿಕ್ಕಿ ಊರು ಸೇರುವುದು ನಮ್ಮ ಲಾರಿಯವರ ಹಳೆಯ ಉಪಾಯ. ಊರು ಸೇರುವವರೆಗೆ ಮಾತ್ರ ಅದು ಉಪಾಯ. ಖಾಲಿ ಟ್ಯಾಂಕಿನಲ್ಲಿ ಆವಿ ತುಂಬಿರುತ್ತದೆ. ಅದನ್ನು ಶುದ್ಧಮಾಡದೆ ಬೆಸುಗೆಗೆ ಕೊಟ್ಟರೆ ಬಾಂಬಿಗೆ ಬೆಂಕಿಯಿಟ್ಟಂತೆ.

ರಬ್ಬರಿನ ಕಥೆಯೊಂದನ್ನು ಇಲ್ಲಿ ಹೇಳಬೇಕು. ಮರದ ಹಾಲಿನಿಂದಾದ ರಬ್ಬರು ಎಣ್ಣೆಯಲ್ಲಿ ಉಬ್ಬಿ ಕೆಡುತ್ತದೆ. 1930ರ ದಶಕದಲ್ಲಿ ಜರ್ಮನಿಯ ರಸಾಯನಜ್ಞರು ಎಣ್ಣೆಗೆ ಅಂಜದ ನೈಟ್ರೈಲ್ ರಬ್ಬರನ್ನು ತಯಾರಿಸಿದರು. ಅದೇ ಕಾಲದಲ್ಲಿ, ಡೆನ್ಮಾರ್ಕಿನಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ನೀಲ್ಸ್ ಕ್ರಿಸ್ಟೆನ್‌ಸೆನ್ ಎಂಬ ವೃದ್ಧ ಯಂತ್ರಜ್ಞನು, ಬಳೆಯಂತಹ ರಬ್ಬರ್ ಸುತ್ತನ್ನು ಗಾಡಿಯಲ್ಲಿ ಕೂರಿಸಿ ಸೋರಿಕೆಯನ್ನು ತಡೆಯುವ ಕ್ರಮಕ್ಕೆ 1939ರಲ್ಲಿ ಪೇಟೆಂಟ್ ಪಡೆದನು. ಇದನ್ನೇ ಇಂದು ಓ ರಿಂಗ್ ಎನ್ನುತ್ತಾರೆ. ನೈಟ್ರೈಲಿನ ಓ ರಿಂಗುಗಳು ಡೀಸೆಲ್ ಪಂಪುಗಳಲ್ಲಿ ದಶಕಗಳ ಕಾಲ ದುಡಿದವು. 1993ರಲ್ಲಿ ಅಮೆರಿಕದಲ್ಲಿ ಗಂಧಕ ಕಡಮೆಯಿರುವ ಹೊಸ ಡೀಸೆಲು ಬಂದಿತು. ಕೂಡಲೇ ಕೆಲವು ಹಳೆಯ ಗಾಡಿಗಳ ಪಂಪುಗಳು ಸೋರತೊಡಗಿದವು! ಹಳೆಯ ಡೀಸೆಲಿನಲ್ಲಿದ್ದ ಆರೊಮ್ಯಾಟಿಕ್ ಎಂಬ ಅಂಶಗಳಿಂದ ರಬ್ಬರು ಸ್ವಲ್ಪ ಉಬ್ಬಿ ಸಂದನ್ನು ತುಂಬಿಕೊಂಡಿತ್ತು. ಹೊಸ ಡೀಸೆಲಿನಲ್ಲಿ ಆ ಅಂಶ ಕಡಮೆಯಾದಾಗ ರಬ್ಬರು ಕುಗ್ಗಿತು. ಎಳೆಯ ರಬ್ಬರು ಹೊಂದಿಕೊಂಡಿತು. ಮುದಿಯಾಗಿ ಗಡುಸಾದುದು ಹೊಂದಿಕೊಳ್ಳಲಾರದೆ ಸೋರಿತು. ನಮ್ಮ ದೇಶದಲ್ಲಿಯೂ 2020ರ ಏಪ್ರಿಲ್ 1ರಿಂದ ಹತ್ತು ಲಕ್ಷ ಪಾಲಿಗೆ 10 ಪಾಲನ್ನು ಮೀರದಷ್ಟು ಗಂಧಕವಿರುವ ಡೀಸೆಲನ್ನು ಎಲ್ಲೆಡೆ ಕೊಡುವುದಾಯಿತು. ವರ್ಷಗಟ್ಟಲೆ ತೆರೆಯದ ಪಂಪು ನಿಮ್ಮ ಗಾಡಿಯಲ್ಲಿದ್ದು ಅದರ ಮೈ ಒದ್ದೆಯಾಗಿದ್ದರೆ, ಮೊದಲು ಈ ಮುದಿ ರಬ್ಬರನ್ನು ಸಂಶಯಿಸಿ. ಸುತ್ತುಗಳನ್ನು ಬದಲಾಯಿಸಿದರೆ ಸಾಕಾಗುವ ಕಡೆ ಇಡೀ ಪಂಪನ್ನು ಬದಲಾಯಿಸುವ ಖರ್ಚು ಏತಕ್ಕೆ? ಆದರೆ ಪಂಪಿನ ಒಳಗನ್ನು ಬಿಚ್ಚುವ ಕೆಲಸ ಪಂಪು ನಾಜಲಿನ ಪರೀಕ್ಷಾಯಂತ್ರವಿರುವ ಅಂಗಡಿಯವರದು, ಮನೆಯಂಗಳದ್ದಲ್ಲ.

ಕಡೆಯ ಕೆಲಸ, ಒಳಗೆ ಹೋದ ಗಾಳಿಯನ್ನು ಹೊರಡಿಸುವುದು. ದಾರಿಯಲ್ಲಿ ಎಣ್ಣೆ ಹರಿಯುವ ಕ್ರಮದಲ್ಲಿಯೇ ಇದನ್ನು ಮಾಡಬೇಕು. ಮೊದಲು ಫಿಲ್ಟರಿನ ಮೇಲಿರುವ ಸಣ್ಣ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲು ಬರುವವರೆಗೆ ಕೈಪಂಪನ್ನು ಒತ್ತಿ, ಬಿಗಿಯಿರಿ. ಬಳಿಕ ದೊಡ್ಡ ಪಂಪಿನ ತಿರುಪಿನಲ್ಲಿಯೂ ಹಾಗೆಯೇ. ಆಮೇಲೂ ಎಂಜಿನು ಹೊರಡದಿದ್ದರೆ ನಾಜಲಿನ ಕಡೆಯ ಕೂಡನ್ನು ಅರ್ಧ ಸುತ್ತು ಸಡಿಲಿಸಿ, ಅದರ ಮೇಲೆ ಬಟ್ಟೆ ಹಾಕಿ, ಕೈಯನ್ನೂ ಮುಖವನ್ನೂ ದೂರವಿಟ್ಟುಕೊಂಡು ಸ್ಟಾರ್ಟರನ್ನು ತಿರುಗಿಸಿ, ಮತ್ತೆ ಬಿಗಿಯಬೇಕು. ಈ ಪಾಠ ಹಳೆಯ ಗಾಡಿಗಳಿಗೆ ಮಾತ್ರ. 1997ರಿಂದ ಕಾರುಗಳಲ್ಲಿ ಬಂದ ಕಾಮನ್ ರೈಲ್ ಎಂಬ ಹೊಸ ಏರ್ಪಾಟಿನಲ್ಲಿ ಒತ್ತಡ ಸಾವಿರ ಪಟ್ಟನ್ನು ಮೀರುತ್ತದೆ; ಅಲ್ಲಿ ಕೂಡನ್ನು ಸಡಿಲಿಸುವುದು ಪ್ರಾಣದೊಡನೆ ಆಟವಾಡಿದಂತೆ.

ಈಗ ನಾವು ಹೊರಟ ಮಾತಿಗೆ ಬರೋಣ. ಹಳೆಯ ಗಾಡಿ ಸೋರದೆ ಇರುತ್ತದೆಯೆ? ಇರುತ್ತದೆ. ಮೊದಲ ಎಂಜಿನು ಸಿದ್ಧವಾದ 1893ರಿಂದ ಬಾಷನ ಪಂಪು ಹೊರಬಂದ 1927ರವರೆಗೆ ಮೂವತ್ತನಾಲ್ಕು ವರ್ಷ, ಹಲವು ದೇಶಗಳ ಬುದ್ಧಿವಂತರು ಈ ಒಂದು ಹನಿಯನ್ನು ಹಿಡಿದಿಡಲು ಶ್ರಮಿಸಿದರು. ತಡೆಯಲಾಗದುದಕ್ಕೆ ದಾರಿ ಕೊಟ್ಟರು, ತಡೆಯಬೇಕಾದುದನ್ನು ತಡೆದರು. ನೆಲದ ಮೇಲೆ ಬಿದ್ದ ಹನಿ ಗಾಡಿಯ ಮುಪ್ಪನ್ನು ಸಾರುವುದಿಲ್ಲ. ಯಾವುದೋ ಒಂದು ಬಿಲ್ಲೆ, ಒಂದು ಸುತ್ತು, ಒಂದು ಪಟ್ಟಿ ತನ್ನ ಸ್ಥಾನದಲ್ಲಿಲ್ಲವೆಂದು ಸಾರುತ್ತದೆ. ನಾಳೆ ಬೆಳಗ್ಗೆ ಗಾಡಿಯನ್ನು ಹೊರಡಿಸುವ ಮೊದಲು ಅದರ ಕೆಳಗೆ ಒಂದು ಹಳೆಯ ವೃತ್ತಪತ್ರಿಕೆಯನ್ನು ಹಾಸಿ ಹತ್ತು ನಿಮಿಷ ಬಿಟ್ಟು ನೋಡಿ. ಓದಲು ಬರುವವರಿಗೆ ಅದರ ಮೇಲೆ ಬಿದ್ದ ಕಲೆಯೂ ಒಂದು ವರ್ತಮಾನವೇ.